ಎಂಟು ಕಳ್ಳರು, ಒಂದು ಬಾತು ಮತ್ತು ನಮ್ಮಪ್ಪ

ಸೆಕ್ ಹಾಂಗ್ ಹಳ್ಳಿ, ಹಾಂಗ್‌ಕಾಂಗ್
ಜನವರಿ 12, 1986

ಲಿನ್ ಮರಿ,

ಈ ಕಾಗದವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ನಿಮ್ಮ ಊಟದ ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಅವರಿಗೂ ಕೇಳಿಸಲಿ, ಬಿಳಿಯರಿಗೆ ಅರ್ಥವಾಗದಿದ್ದರೆ ನಷ್ಟ ಅವರದು. ನಿನ್ನ ಸೋದರಮಾವ ಈ ಸಲದ ಹೊಸವರ್ಷದ ಸಿನಿಮಾದಲ್ಲಿ ಇದ್ದಾನೆ.

ಯಾವುದೋ ಮೂಲೆಯ ಸಿನಿಮಾ ಅಲ್ಲ, ‘ಎಂಟು ಕಳ್ಳರು, ಒಂದು ಬಾತು’. ಬೋಳುತಲೆ ಯೂನ್ ಇದ್ದಾನೆ, ಮೆಳ್ಳಗಣ್ಣಿನ ಮೋಕ್ ಇದ್ದಾನೆ, ಆ ಅವಳಿ ಹುಡುಗಿಯರಿದ್ದಾರೆ. ಒಬ್ಬೊಬ್ಬರ ಹೆಸರಿಗೇ ಒಂದೊಂದು ಟಾಕೀಸು ತುಂಬುತ್ತದೆ, ಅಂಥ ಎಂಟು ಮಂದಿಯನ್ನು ಒಂದೇ ಚಿತ್ರಕ್ಕೆ ತುರುಕಿದ್ದಾರೆ. ಕದ್ದ ವಜ್ರವನ್ನು ಹುರಿದ ಬಾತಿನ ಹೊಟ್ಟೆಯಲ್ಲಿ ಬಚ್ಚಿಡುತ್ತಾರೆ. ಬಾತು ಕೈತಪ್ಪುತ್ತದೆ. ಆಮೇಲೆ ಎರಡು ಗಂಟೆ ಓಡುತ್ತಾರೆ, ಹೊಡೆದಾಡುತ್ತಾರೆ, ಬೀಳುತ್ತಾರೆ. ಬೀಳುವ ಕಡೆ ನಾನು ಬರುತ್ತೇನೆ.

ಇಪ್ಪತ್ತೆರಡು ವರ್ಷದಿಂದ ನಟರ ಬದಲಿಗೆ ಬೀಳುತ್ತಿದ್ದೇನೆ, ಆದರೆ ಹೀಗೆ ಎಂದೂ ಬಿದ್ದಿರಲಿಲ್ಲ. ಮೂರನೇ ಮಹಡಿಯ ಬಿದಿರು ಅಟ್ಟಣಿಗೆಯಿಂದ ಹೊರಟು, ದಾರಿಯಲ್ಲಿ ಎರಡು ಚಪ್ಪರ ಹರಿದು, ಮೀನಿನ ತೊಟ್ಟಿಯಲ್ಲಿ ಮುಕ್ತಾಯ. ಒಂದೇ ಟೇಕು. ಮೀನುಗಳೇ ಗಾಬರಿಯಾದವು, ನನಗೇನೂ ಆಗಲಿಲ್ಲ. ಬೆನ್ನು ಸ್ವಲ್ಪ ನೋಯುತ್ತದೆ, ಅದು ಚಳಿಗೆ. ನಿಮ್ಮ ಊರ ಹತ್ತಿರದ ಮ್ಯಾಂಚೆಸ್ಟರಿಗೂ ಈ ಚಿತ್ರ ಬರುತ್ತದಂತೆ. ಅಕ್ಕ ನೋಡಲೇಬೇಕು. ನಾಲ್ಕು ಜನರಿಗೆ ಹೇಳಿ ಕರೆದುಕೊಂಡು ಹೋಗಲಿ.

ಇನ್ನು ಮುಖ್ಯ ವಿಷಯ. ನಮ್ಮಪ್ಪನ ಎಲುಬು ಗುಂಡಿಯಿಂದ ಎತ್ತಿ ಜಾಡಿಗೆ ತುಂಬುವ ದಿನ ಗೊತ್ತಾಗಿದೆ, ಏಪ್ರಿಲ್ ಆರು, ಬೆಳಿಗ್ಗೆ. ಮಣ್ಣು ಮಾಡಿ ಏಳು ವರ್ಷವಾಯಿತು, ಪದ್ಧತಿಯಂತೆ ಈಗ ಎತ್ತಬೇಕು. ಆಗ ಅಕ್ಕನಿಗೆ ಬರಲಾಗಲಿಲ್ಲ, ಈ ಸಲ ಅವಳಿಲ್ಲದೆ ನಾನು ಗುದ್ದಲಿ ಮುಟ್ಟುವುದಿಲ್ಲ ಎಂದು ಊರ ಹಿರಿಯರ ಎದುರಿಗೇ ಹೇಳಿಬಿಟ್ಟಿದ್ದೇನೆ. ಮಾರ್ಚ್ ಇಪ್ಪತ್ತೆಂಟರ ಟಿಕೆಟ್ ತೆಗೆದುಕೊಂಡಳು ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಒಂದು ಹಂದಿ ಕಾಲು ಬೇಯಿಸಿ ಒಬ್ಬನೇ ತಿಂದೆ. ಹದಿನಾಲ್ಕು ವರ್ಷವಾಯಿತು ಅವಳ ಮುಖ ನೋಡಿ. ನಮ್ಮಮ್ಮ ಸತ್ತ ಮೇಲೆ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಹೋದವಳು ಅವಳು.

ಇದರ ಕೆಳಗಿನದನ್ನು ಅಮ್ಮನಿಗೆ ಓದಬೇಡ. ಅಪ್ಪನ ಫೋಟೋದ ಇನ್ನೊಂದು ಪ್ರತಿ ನಿಮ್ಮಲ್ಲಿದೆಯೇ? ಮನೆಯಲ್ಲಿ ಸತ್ತ ಹಿರಿಯರಿಗೆ ಊದಿನಕಡ್ಡಿ ಹಚ್ಚುವ ಗೂಡಿನಲ್ಲಿದ್ದದ್ದಕ್ಕೆ ಗೆದ್ದಲು ಹತ್ತಿದೆ. ಇದ್ದರೆ ಬೇಗ ಕಳಿಸು.

ನಿನ್ನ ಮಾವ,
ಪಾಂಗ್ ಯೂ-ಕೇಯ್
(ಅಕ್ಷರ ನೋಡು. ಹಳ್ಳಿ ಶಾಲೆಯ ಐದನೇ ಕ್ಲಾಸು ಅಂತ ಯಾರಾದರೂ ಹೇಳುತ್ತಾರೆಯೇ?)


ಬೋಲ್ಟನ್
ಜನವರಿ 24, 1986

ಮಾವನಿಗೆ ನಮಸ್ಕಾರ.

ನಿಮ್ಮ ಕಾಗದ ಓದುವಾಗ ನಾನು ಕೊನೆಯಲ್ಲಿ ನಿಲ್ಲಿಸಿದೆ. ಅಮ್ಮ ಮೂಲಂಗಿ ಹೆಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟು, ಇನ್ನೂ ಏನೋ ಇದೆ, ನಿನ್ನ ಕಣ್ಣು ಓಡ್ತಾ ಇದೆ, ಓದು ಅಂದಳು. ಓದಬೇಕಾಯಿತು.

ಇನ್ನೊಂದು ಪ್ರತಿ ಇಲ್ಲ ಮಾವ. ಅಮ್ಮನ ಮದುವೆ ವರ್ಷ ಸಂತೆ ಊರಿನ ಸ್ಟುಡಿಯೋದಲ್ಲಿ ತೆಗೆಸಿದ್ದು, ಅಜ್ಜ ಬದುಕಿನಲ್ಲಿ ಕ್ಯಾಮೆರಾ ಎದುರಿಗೆ ಕೂತದ್ದು ಅದೊಂದೇ ಸಲವಂತೆ. ನ್ಯಾಯಾಧೀಶರ ಎದುರಿಗೆ ಕೂತ ಹಾಗೆ ಕೂತಿದ್ದರಂತೆ. ಇಲ್ಲಿಗೆ ಬರುವಾಗ ಅಮ್ಮ ಎರಡು ಪೆಟ್ಟಿಗೆ ತುಂಬ ಒಣ ಅಣಬೆ, ಒಣ ಸೀಗಡಿ ತಂದಳು, ಫೋಟೋ ತರಲಿಲ್ಲ. ಮನುಷ್ಯನೇ ಅಲ್ಲಿದ್ದಾನೆ, ಫೋಟೋ ಯಾಕೆ ಅಂದುಕೊಂಡಿದ್ದಳಂತೆ. ಈಗ ಬಂದಾಗ ಆ ಫೋಟೋವನ್ನು ಸ್ಟುಡಿಯೋಗೆ ಒಯ್ದು ಇನ್ನೊಂದು ಪ್ರತಿ ಮಾಡಿಸಿಕೊಂಡು ಬರುತ್ತಾಳೆ. ಗೆದ್ದಲು ಅಂಚು ತಿಂದರೂ ಮುಖ ಉಳಿದಿರುತ್ತದೆ, ಗೂಡಿನಿಂದ ಇಳಿಸಿ ಬಟ್ಟೆ ಸುತ್ತಿ ತಗಡಿನ ಡಬ್ಬಿಯಲ್ಲಿಡು ಅಂತ ಹೇಳಲು ಹೇಳಿದ್ದಾಳೆ.

ನಿಮ್ಮ ಮೇಲೆ ಅವಳಿಗೆ ಎಷ್ಟು ಕಕ್ಕುಲಾತಿ ಬಂದಿದೆ ಅಂದರೆ, ಕಾಗದ ಮಡಿಸುತ್ತಾ, ಪರವಾಗಿಲ್ಲ, ಈ ಪುಂಡನಿಗೂ ಅಪ್ಪನ ಫೋಟೋದ ಕಾಳಜಿ ಇದೆ ಅಂದಳು.

ಸಿನಿಮಾ ವಿಷಯ ಆಗಲೇ ಮೂರು ಅಂಗಡಿಗೆ ಹಬ್ಬಿದೆ. ಚಿತ್ರ ಇಲ್ಲಿಗೆ ಬಂದ ಮೊದಲ ಭಾನುವಾರ ಮಧ್ಯಾಹ್ನದ ಆಟಕ್ಕೆ ನಾವು ಏಳು ಜನ ಹೋಗುತ್ತೇವೆ.

ಲಿನ್


ಸೆಕ್ ಹಾಂಗ್
ಫೆಬ್ರವರಿ 12, 1986

ಲಿನ್ ಮರಿ,

ಥೂ. ಹೊಸವರ್ಷದ ನಾಲ್ಕನೇ ದಿನ ಕೆಟ್ಟ ಮಾತು ಆಡಬಾರದು ಅಂತಾರೆ, ಆದರೂ ಉಗಿದೇ ಈ ಕಾಗದ ಶುರುಮಾಡುತ್ತೇನೆ.

ಆ ಸಿನಿಮಾ ನೋಡಬೇಡಿ.

ಮೊದಲ ದಿನವೇ, ಹೊಸ ಅಂಗಿ ಹಾಕಿಕೊಂಡು ನೋಡಿ ಬಂದೆ. ಹೂಸು ಬಿಡುವುದನ್ನು ಹದಿನೇಳು ಸಲ ಎಣಿಸಿದೆ, ಆಮೇಲೆ ಬಿಟ್ಟುಬಿಟ್ಟೆ. ಎಂಟೂ ಜನ ಒಂದೇ ಲಿಫ್ಟಿನಲ್ಲಿ ಸಿಕ್ಕಿಕೊಳ್ಳುವ ಸೀನು ಒಂದಿದೆ, ಅದರ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಮೋಕ್‌ನ ಮೂಗಿನಿಂದ ಶಾವಿಗೆ ಬರುತ್ತದೆ. ಬೋಳುತಲೆ ಯೂನ್ ಕಾಲ್ಬೆರಳ ಸಂದಿ ಕೆರೆದು ಅದೇ ಬೆರಳಿನಿಂದ ಚಟ್ನಿಯ ರುಚಿ ನೋಡುತ್ತಾನೆ. ಆ ಬಾತು ಮೊದಲು ಚರಂಡಿಗೆ ಬೀಳುತ್ತದೆ, ಆಮೇಲೆ ಮದುಮಗಳ ದಿಂಬಾಗುತ್ತದೆ, ಆಮೇಲೆ ಒಬ್ಬ ದಡಿಯನ ಕಂಕುಳಲ್ಲಿ ಇಡೀ ಊರು ತಿರುಗುತ್ತದೆ, ಕೊನೆಗೆ ಎಲ್ಲ ಸೇರಿ ಅದನ್ನೇ ಹರಿದು ತಿನ್ನುತ್ತಾರೆ. ನಗುತ್ತಾ ತಿನ್ನುತ್ತಾರೆ. ಇದನ್ನು ನೋಡಿ ನನಗೆ ಎರಡು ದಿನ ಊಟ ಸೇರಲಿಲ್ಲ.

ನಾನು ಬಿದ್ದದ್ದರ ಕಥೆ ಕೇಳು. ಮೂರು ಮಹಡಿ ಬಿದ್ದವನನ್ನು ಕೆಳಗಿನಿಂದ ತೆಗೆದಿದ್ದಾರೆ. ತೆರೆಯ ಮೇಲೆ ಕಾಣುವುದು ನನ್ನ ಎರಡು ಅಂಗಾಲು. ಎಡಗಾಲಿನ ಬೂಟಿಗೆ ತೂತು. ಜನ ನಕ್ಕಿದ್ದು ಆ ತೂತಿಗೆ.

ಜನವೋ, ಜನ. ನನ್ನ ಪಕ್ಕದಲ್ಲಿ ಹನ್ನೊಂದು ಮಂದಿಯ ಒಂದು ಸಂಸಾರ. ಕಲ್ಲಂಗಡಿ ಬೀಜ ಸುಲಿದು ಸಿಪ್ಪೆಯನ್ನು ನನ್ನ ಬೂಟಿನೊಳಗೇ ಉಗಿಯುತ್ತಿದ್ದರು. ಹಿಂದಿನ ಸಾಲಿನ ಮುದುಕ ನಕ್ಕ ರಭಸಕ್ಕೆ ಹಲ್ಲಿನ ಸೆಟ್ಟು ಕಳಚಿ ನನ್ನ ಭುಜಕ್ಕೆ ಬಿತ್ತು. ಎತ್ತಿ ಕೊಟ್ಟೆ, ಅಂಗಿಗೇ ಒರೆಸಿಕೊಂಡು ಮತ್ತೆ ಬಾಯಿಗೆ ಹಾಕಿಕೊಂಡು ನಗಲು ಶುರುಮಾಡಿದ. ಇಡೀ ಟಾಕೀಸಿಗೆ ಸಂತೋಷ ಅಂದರೆ ಸಂತೋಷ. ನಗದೆ ಕೂತವನು ನಾನೊಬ್ಬನೇ.

ನಡುವೆ ಇನ್ನೊಂದು ಸೀನಿದೆ. ಅದನ್ನು ಬರೆಯುವಷ್ಟು ಕೆಟ್ಟ ಮಸಿ ನನ್ನ ಪೆನ್ನಿನಲ್ಲಿಲ್ಲ.

ಅಕ್ಕನಿಗೆ ಹೇಳು, ಅವಳಂಥವಳು ಕೂತು ನೋಡುವ ಚಿತ್ರ ಅಲ್ಲ ಇದು. ಸಿನಿಮಾ ಟಿಕೆಟ್ ಹರಿದುಹಾಕಿ, ನನ್ನ ಹೆಸರು ಹೇಳಿ ಬೈಯಿರಿ, ಬೇಕಾದರೆ ಮಾವ ಸುಳ್ಳು ಹೇಳಿದ, ಅವನು ಅದರಲ್ಲಿ ಇಲ್ಲವೇ ಇಲ್ಲ ಅಂತ ಊರಿಗೆಲ್ಲ ಸಾರಿ. ನನಗೇನೂ ಬೇಜಾರಿಲ್ಲ.

ಮಾವ


ಬೋಲ್ಟನ್
ಫೆಬ್ರವರಿ 24, 1986

ಮಾವನಿಗೆ,

ನಿಮ್ಮ ಕಾಗದ ಇವತ್ತು ಸೋಮವಾರ ಬಂತು. ನಾವು ಸಿನಿಮಾ ನೋಡಿದ್ದು ನಿನ್ನೆ.

ಅಮ್ಮ ನೀಲಿ ಕೋಟು ಹಾಕಿಕೊಂಡಿದ್ದಳು. ತಟ್ಟೆ ತೊಳೆಯುವವರು, ಅಡುಗೆಯವರು, ಅವರ ಮಕ್ಕಳು ಎಲ್ಲ ಸೇರಿ ಟಾಕೀಸು ತುಂಬಿತ್ತು. ಎಲ್ಲರೂ ಬುತ್ತಿ ತಂದಿದ್ದರು. ಅಮ್ಮ ಹಿಂದಕ್ಕೂ ಮುಂದಕ್ಕೂ ತಿರುಗಿ, ನನ್ನ ತಮ್ಮ ಬೀಳ್ತಾನೆ, ನೋಡ್ತಿರಿ ಅಂತ ಹೇಳುತ್ತಿದ್ದಳು. ಆ ಅಂಗಾಲು ಬಂದ ತಕ್ಷಣ ಗುರುತು ಹಿಡಿದಳು. ಅವನೇ, ಎಡಪಾದ ಹೊರಗೆ ತಿರುಗುತ್ತೆ, ಹಣ್ಣಿನ ಮರದಿಂದ ಬಿದ್ದಾಗಲೂ ಹಾಗೇ ತಿರುಗಿತ್ತು ಅಂದಳು. ಚಪ್ಪಾಳೆ ತಟ್ಟಿದಳು. ಹಿಂದಿನ ಸಾಲಿನವರೂ ತಟ್ಟಿದರು.

ನಿಮಗೆ ಹೂಸು ಎಣಿಸುವಂತಾಯಿತಂತೆ. ಅಮ್ಮ ಆ ಲಿಫ್ಟಿನ ಸೀನಿಗೆ ಹೊಟ್ಟೆ ಹಿಡಿದುಕೊಂಡು ಮುಂದಿನ ಕುರ್ಚಿಯ ಮೇಲೆ ಬಗ್ಗಿಬಿಟ್ಟಳು. ಹದಿನಾಲ್ಕು ವರ್ಷ ಎಣ್ಣೆ ಬಾಣಲೆಯ ಮುಂದೆ ನಿಂತವಳು ಹೀಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಕರವಸ್ತ್ರ ನೆನೆದು ಹೋಯಿತು, ನನ್ನದನ್ನೂ ಕಿತ್ತುಕೊಂಡಳು.

ಆಮೇಲೆ ನಿಮ್ಮ ಮಸಿ ಸಾಲದ ಸೀನು ಬಂತು.

ಕಳ್ಳರು ಓಡಿ ಓಡಿ ಹೆಣ ಇಡುವ ಕೋಣೆಯೊಳಗೆ ನುಗ್ಗುತ್ತಾರೆ. ಯಾರದೋ ಮುದುಕನ ಫೋಟೋ, ಮುಂದೆ ಎಡೆ ಇಟ್ಟಿದ್ದಾರೆ, ಎಡೆಯಲ್ಲಿ ಇವರ ಬಾತು. ಮೋಕ್ ಅದನ್ನು ಬೀಸುತ್ತಾನೆ, ಯೂನ್ ಬಗ್ಗುತ್ತಾನೆ, ಬಾತು ಫೋಟೋಗೆ ಬಡಿಯುತ್ತದೆ. ಗಾಜಿನ ಮೇಲೆ ಕೊಬ್ಬು ಇಳಿಯುತ್ತದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಮ್ಮನೂ ನಕ್ಕಳು. ಸಿನಿಮಾದಲ್ಲಿರುವ ಫೋಟೋವನ್ನು ಯಾರು ಕಣ್ಣಿಟ್ಟು ನೋಡುತ್ತಾರೆ? ಯೂನ್ ಕೈಮುಗಿದು ತಪ್ಪಾಯಿತು ಅಜ್ಜ ಅಂತ ತೋಳಿನಿಂದ ಗಾಜು ಒರೆಸಿದ, ಒರೆಸಿ ತೋಳನ್ನು ನೆಕ್ಕಿದ. ಒರೆಸಿದ ಜಾಗದಲ್ಲಿ ಮುಖ ತೆರೆ ತುಂಬ ಕಾಣಿಸಿತು.

‘ಲಿನ್, ಅದು ನಮ್ಮಪ್ಪ.’

ಅಮ್ಮ ಇಷ್ಟೇ ಅಂದಳು. ಅವಳ ಬಾಯಿ ಇನ್ನೂ ನಗುವಿನ ಆಕಾರದಲ್ಲೇ ಇತ್ತು. ಅಷ್ಟರಲ್ಲಿ ಮೋಕ್ ಆ ಫೋಟೋವನ್ನು ಎತ್ತಿ ಪೊಲೀಸಿನವನ ತಲೆಗೆ ಬಡಿದ, ಅಜ್ಜನ ಮುಖ ಹರಿದು ಅವನ ತಲೆ ಹೊರಗೆ ಬಂತು. ಟಾಕೀಸಿಗೆ ಟಾಕೀಸೇ ಎದ್ದು ನಿಂತು ನಕ್ಕಿತು ಮಾವ. ನಮ್ಮ ಪಕ್ಕದವರು ಅಮ್ಮನ ಭುಜ ತಟ್ಟಿ ನಕ್ಕರು.

ಬಸ್ಸಿನಲ್ಲಿ ಅವಳು ಒಂದೇ ಒಂದು ಸಲ ಬಾಯಿ ಬಿಟ್ಟಳು. ‘ನಾನು ನಕ್ಕೆನಲ್ಲೇ’ ಅಂದಳು.

ನಿಮ್ಮ ಗೆದ್ದಲಿಗೆ ಎರಡು ಕಾಲು ಇವೆ, ಎಡಗಾಲು ಹೊರಗೆ ತಿರುಗುತ್ತದೆ ಅಂತ ಈಗ ಗೊತ್ತಾಯಿತು. ನನಗೆ ನಿಮ್ಮ ಬಗ್ಗೆ ಹೇಸಿಗೆ ಆಗಿದೆ. ಹಿರಿಯರಿಗೆ ಹೀಗೆ ಬರೆಯಬಾರದು, ಗೊತ್ತು. ವಿಮಾನದ ಟಿಕೆಟನ್ನು ಅಮ್ಮ ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದಾಳೆ. ಹೋಗುತ್ತೀಯಾ ಅಂತ ಕೇಳುವ ಧೈರ್ಯ ನನಗಿಲ್ಲ.

ಲಿನ್


ಸೆಕ್ ಹಾಂಗ್
ಮಾರ್ಚ್ 5, 1986

ಲಿನ್,

ಇದನ್ನು ಅಕ್ಕನಿಗೆ ಪೂರ್ತಿ ಓದಿ ಹೇಳು. ಓದಬೇಡ ಅನ್ನುವ ಸಾಲು ಇದರಲ್ಲಿಲ್ಲ.

ಸಿನಿಮಾದಲ್ಲಿ ಹೆಣವಾಗಿ ಮಲಗಿದವನಿಗೆ ಏಳುವಾಗ ದುಡ್ಡಿಟ್ಟ ಕೆಂಪು ಲಕೋಟೆ ಕೊಡುತ್ತಾರೆ, ಅಪಶಕುನ ಕಳೆಯಲಿ ಅಂತ. ಸತ್ತವರ ಫೋಟೋ ಅಂತ ತೋರಿಸಲು ಯಾರ ಫೋಟೋ ಇಟ್ಟರೂ ಅವರಿಗೂ ಕೊಡಬೇಕು. ಆ ದಿನ ಹೆಣದ ಕೋಣೆಯ ಸೆಟ್ಟು ಸಿದ್ಧವಾಗಿತ್ತು, ಫೋಟೋ ಮಾತ್ರ ಇರಲಿಲ್ಲ. ಹೊಸವರ್ಷದ ಸಿನಿಮಾ, ಲಕೋಟೆ ಕೊಟ್ಟರೂ ಒಬ್ಬನೂ ತನ್ನ ಮುಖ ಕೊಡಲೊಲ್ಲ. ಯೂನ್ ಒಲ್ಲೆ ಅಂದ, ದೀಪ ಹಿಡಿಯುವವನೂ ಒಲ್ಲೆ ಅಂದ. ಚಹಾ ತರುವ ಮುದುಕನನ್ನು ಕೇಳಿದ್ದಕ್ಕೆ ಕೆಲಸ ಬಿಟ್ಟು ಓಡಿದ. ನಿರ್ದೇಶಕ ಕುರ್ಚಿ ಒದೆಯುತ್ತಿದ್ದ.

ಆಗ ನನಗೆ ನನ್ನ ಬುದ್ಧಿವಂತಿಕೆ ಕಾಣಿಸಿತು. ಬದುಕಿದ್ದವರಿಗೆ ತಾನೇ ಅಪಶಕುನ? ಸತ್ತವನ ಫೋಟೋ ಸತ್ತವನ ಫೋಟೋ ಆಗಿ ನಿಂತರೆ ಯಾರಿಗೇನು ನಷ್ಟ? ನನ್ನ ಹತ್ತಿರ ಒಂದಿದೆ ಅಂದೆ. ಎಂಟು ಜನ ದೊಡ್ಡ ನಟರು ಒಟ್ಟಿಗೆ ನನ್ನ ಕಡೆ ತಿರುಗಿದರು. ಬಸ್ಸು ಹತ್ತಿ ಮನೆಗೆ ಬಂದು, ಗೂಡಿನ ಮುಂದೆ ಊದಿನಕಡ್ಡಿ ಹಚ್ಚಿ, ಅಪ್ಪ, ಒಂದು ಗಂಟೆ ಕೆಲಸ ಇದೆ ಬಾ ಅಂತ ಹೇಳಿ ತೆಗೆದುಕೊಂಡು ಹೋದೆ.

ಹಿಂದುಗಡೆ ಮಸುಕಾಗಿ ಕಾಣುತ್ತೆ ಅಷ್ಟೇ, ಒಡೆಯೋದಕ್ಕೆ ಬೇರೆ ಖಾಲಿ ಚೌಕಟ್ಟು ಇಡ್ತೀವಿ ಅಂದಿದ್ದ ಸೆಟ್ಟಿನ ಸಾಮಾನು ನೋಡುವ ಕ್ವಾನ್. ಬಾತು ಬಡಿದಾಗ ಎಲ್ಲ ಎಷ್ಟು ನಕ್ಕರೆಂದರೆ, ನಿರ್ದೇಶಕ ನಿಲ್ಲಿಸಲೇ ಇಲ್ಲ. ಮೋಕ್‌ಗೆ ಹುರುಪು ಬಂತು. ಕೈಗೆ ಸಿಕ್ಕಿದ್ದನ್ನು ಎತ್ತಿದ.

ಇಲ್ಲಿ ಬರೆಯುವುದಕ್ಕೆ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನಾನು ಐದು ಅಡಿ ದೂರದಲ್ಲಿದ್ದೆ. ಮೂರನೇ ಮಹಡಿಯಿಂದ ಹಾರುವವನಿಗೆ ಐದು ಅಡಿ ಹಾರುವುದು ಕಷ್ಟವೇ? ಹಾರಲಿಲ್ಲ. ಕ್ಯಾಮೆರಾ ಓಡುತ್ತಿತ್ತು, ಓಡುವ ಕ್ಯಾಮೆರಾದ ಮುಂದೆ ಕರೆಯದೆ ಹೋಗಬಾರದು ಅನ್ನುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಿರ್ದೇಶಕ ಬಂದು ನನ್ನ ಬೆನ್ನು ತಟ್ಟಿ, ಪಾಂಗ್ ಮಾಸ್ಟರ್, ಸಿನಿಮಾ ಉಳಿಸಿದೆ ಅಂದ. ಅಲ್ಲಿಯವರೆಗೆ ಆ ಮನುಷ್ಯ ನನ್ನನ್ನು ‘ಏಯ್’ ಅಂತ ಕರೆಯುತ್ತಿದ್ದ. ಮಾಸ್ಟರ್ ಅನ್ನಿಸಿಕೊಂಡ ಖುಷಿಗೆ ಚೂರುಗಳನ್ನು ಆರಿಸಿಕೊಳ್ಳಲು ತಡಮಾಡಿದೆ. ಹೋಗಿ ನೋಡಿದರೆ ಗುಡಿಸಿ ಆಗಿತ್ತು.

ಸಿನಿಮಾ ಹೇಸಿಗೆ ಅಂತ ಆ ಕಾಗದದಲ್ಲಿ ಎರಡು ಪುಟ ಬರೆದೆ. ನನ್ನ ಹೇಸಿಗೆ ಯೂನ್‌ನ ಕಾಲ್ಬೆರಳದ್ದಲ್ಲ.

ಅಕ್ಕ ಬರದಿದ್ದರೆ ನಾನು ಗುದ್ದಲಿ ಮುಟ್ಟುವುದಿಲ್ಲ. ಹಿರಿಯರು ಏನಾದರೂ ಅನ್ನಲಿ. ಇನ್ನೂ ಏಳು ವರ್ಷ ಬೇಕಾದರೂ ಅಪ್ಪ ಅಲ್ಲೇ ಇರಲಿ.

ಯೂ-ಕೇಯ್


ಬೋಲ್ಟನ್
ಮಾರ್ಚ್ 17, 1986

ಮಾವನಿಗೆ,

ಅಮ್ಮ ನಿಮ್ಮ ಕಾಗದವನ್ನು ಮೂರು ಸಲ ಓದಿಸಿದಳು. ಮೂರನೇ ಸಲ, ಚಪ್ಪಾಳೆ ತಟ್ಟಿದ ಸಾಲು ಬಂದಾಗ, ಅಷ್ಟು ಸಾಕು ಅಂದಳು.

ನಿನ್ನೆ ಭಾನುವಾರ ಅಂಗಡಿ ತೆರೆಯುವ ಮೊದಲು ಕೋಟು ಹಾಕಿಕೊಂಡು ಹೊರಟಳು. ಹಿಂದೆಯೇ ಹೋದೆ. ಅದೇ ಟಾಕೀಸಿಗೆ ಹೋಗಿ, ಮಕ್ಕಳು ಕೂರುವ ಮೊದಲನೇ ಸಾಲಿನಲ್ಲಿ ಕೂತಳು. ಲಿಫ್ಟು ಬಂತು, ಶಾವಿಗೆ ಬಂತು, ನಿಮ್ಮ ಅಂಗಾಲು ಬಂತು. ಅವಳು ಕಲ್ಲಿನ ಹಾಗೆ ಕೂತಿದ್ದಳು. ಸುತ್ತ ಮಕ್ಕಳು ಕಿರುಚಿ ನಗುತ್ತಿದ್ದರು. ಹೆಣದ ಕೋಣೆ ಬಂತು. ಬಾತು ಬೀಸುವುದಕ್ಕೆ ಮುಂಚೆ ಐದಾರು ಸೆಕೆಂಡು ಅಜ್ಜನ ಮುಖ ಹಿಂದುಗಡೆ ಕಾಣುತ್ತದೆ. ಅಮ್ಮ ಕುತ್ತಿಗೆ ಎತ್ತಿ ಅದನ್ನು ನೋಡಿದಳು. ಮೋಕ್ ಬಾತಿಗೆ ಕೈ ಹಾಕುವಷ್ಟರಲ್ಲಿ ಎದ್ದು ಹೊರಗೆ ಬಂದುಬಿಟ್ಟಳು.

ಯಾಕಮ್ಮ, ಆ ಹೊಲಸಿಗೆ ಮತ್ತೆ ಯಾಕೆ ಬಂದೆ ಅಂತ ಕೇಳಿದೆ.

‘ಅಪ್ಪನ ಮುಖ ಇನ್ನೆಲ್ಲಿದೆ?’ ಅಂದಳು.

ಚಿತ್ರ ನಾಳೆಯಿಂದ ಬೇರೆ ಊರಿಗೆ ಹೋಗುತ್ತದಂತೆ. ಟಿಕೆಟ್ ಹರಿಯುವವನನ್ನು ಕರೆದು, ಯಾವ ಊರಿಗೆ, ಎಷ್ಟು ದಿನ ಅಂತ ಕೇಳಿಸಿದಳು. ಅವನು, ಅಷ್ಟು ಚೆನ್ನಾಗಿದೆಯಾ ಅಂತ ನಕ್ಕ.

ಇನ್ನು ಅವಳು ಹೇಳಿ ಬರೆಸಿದ್ದು. ಇಪ್ಪತ್ತೆಂಟಕ್ಕೆ ಹೊರಡ್ತೀನಿ. ಅಪ್ಪನಿಗೋಸ್ಕರ ಬರ್ತೀನಿ, ಅವನಿಗೋಸ್ಕರ ಅಲ್ಲ. ವಿಮಾನ ನಿಲ್ದಾಣಕ್ಕೆ ಬರುವುದು ಬೇಡ. ಅವನ ಮನೆಯಲ್ಲಿ ಇಳಿಯುವುದಿಲ್ಲ, ಚಿಕ್ಕಮ್ಮನ ಮನೆಯಲ್ಲಿ ಇರುತ್ತೇನೆ. ನನ್ನ ಮುಂದೆ ಬಾಯಿ ಬಿಡಬಾರದು.

ಇಷ್ಟೇ. ನಾನು ಏನೂ ಸೇರಿಸಿಲ್ಲ, ಏನೂ ಬಿಟ್ಟಿಲ್ಲ.

ಲಿನ್


ಸೆಕ್ ಹಾಂಗ್
ಏಪ್ರಿಲ್ 16, 1986

ಲಿನ್ ಮರಿ,

ನಿನ್ನ ಅಮ್ಮ ನಾಳೆ ಹೊರಡುತ್ತಾಳೆ. ಅವಳು ತಲುಪಿದ ಮೇಲೆ ಈ ಕಾಗದ ತಲುಪುತ್ತದೆ. ಅವಳು ನಿನಗೆ ಏನು ಹೇಳುತ್ತಾಳೋ ಗೊತ್ತಿಲ್ಲ, ನನ್ನ ಕಡೆಯದನ್ನು ನಾನು ಬರೆಯುತ್ತೇನೆ.

ಹೇಳಿದ ಹಾಗೆ ನಡೆದುಕೊಂಡೆ. ನಿಲ್ದಾಣಕ್ಕೆ ಹೋಗಲಿಲ್ಲ. ಅಂದರೆ ಹೋದೆ, ಕಂಬದ ಹಿಂದೆ ನಿಂತಿದ್ದೆ. ಕೂದಲು ಪೂರ್ತಿ ಬೆಳ್ಳಗಾಗಿದೆ ಅಂತ ನೀನು ಬರೆದಿರಲೇ ಇಲ್ಲವಲ್ಲ.

ಆರನೇ ತಾರೀಖು ಕೆಲಸ ಮುಗಿಯಿತು. ಅಗೆದವನು ನಾನು, ಎಲುಬು ಒರೆಸಿ ಜೋಡಿಸಿದವಳು ಅವಳು, ಕಾಲಿನಿಂದ ಶುರುಮಾಡಿ ತಲೆಯವರೆಗೆ. ಇಬ್ಬರ ನಡುವೆ ಒಂದು ಜಾಡಿ, ಒಂದು ಮಾತೂ ಇಲ್ಲ. ಏನಾದರೂ ಬೇಕಾದರೆ ಚಿಕ್ಕಮ್ಮನಿಗೆ ಹೇಳುತ್ತಿದ್ದಳು, ಚಿಕ್ಕಮ್ಮ ನನಗೆ ಹೇಳುತ್ತಿದ್ದಳು. ಒಂದು ಮೊಳ ದೂರ ಕೂತಿದ್ದೆವು. ನನ್ನ ಮನೆಗೆ ಒಂದೇ ಸಲ ಬಂದಳು, ಗೂಡಿನಲ್ಲಿ ಫೋಟೋ ಇದ್ದ ಜಾಗ ನೋಡಿದಳು. ಗೋಡೆಯಲ್ಲಿ ಚೌಕಾಕಾರವಾಗಿ ಹೊಗೆ ಹಿಡಿಯದ ಜಾಗ ಉಳಿದಿದೆ. ಅದನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಕೋಟಿಗೆ ಒರೆಸಿಕೊಂಡು ಹೋದಳು. ಒರೆಸಿಕೊಂಡದ್ದು ನನ್ನನ್ನೇ ಅನ್ನಿಸಿತು.

ಇವತ್ತು ಮಧ್ಯಾಹ್ನ ಚಿಕ್ಕಮ್ಮ ಬಂದು, ನಿನ್ನಕ್ಕ ನಿನ್ನನ್ನು ಸಂತೆ ಊರಿಗೆ ಬರಹೇಳಿದ್ದಾಳೆ ಅಂದಳು. ಸಾಮಾನು ಹೊರಲು ಇರಬೇಕು ಅಂದುಕೊಂಡು ಹೋದೆ. ಹಳೇ ಟಾಕೀಸಿನ ಮುಂದೆ ನಿಂತಿದ್ದಳು. ಎಲ್ಲ ಕಡೆ ಓಡಿ ಹಳತಾದ ಚಿತ್ರಗಳು ಕೊನೆಗೆ ಅಲ್ಲಿಗೆ ಬರುತ್ತವೆ. ಗೋಡೆಯ ಮೇಲೆ ಎಂಟು ಕಳ್ಳರು ಹಲ್ಲು ಕಿರಿಯುತ್ತಿದ್ದರು. ಎರಡು ಟಿಕೆಟ್ ಅವಳೇ ಕೊಂಡಿದ್ದಳು. ಒಂದನ್ನು ನನ್ನ ಕೈಗೆ ಕೊಡದೆ ಟಿಕೆಟ್ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಮುಂದೆ ಹೋದಳು.

ಪಕ್ಕಪಕ್ಕ ಕೂತೆವು. ಮಧ್ಯಾಹ್ನದ ಆಟ, ತರಕಾರಿ ಮಾರುವವರು, ಕೆಲಸವಿಲ್ಲದ ಮುದುಕರು, ಹತ್ತಿಪ್ಪತ್ತು ಜನ. ಎಲ್ಲರೂ ಮೂರನೇ ಸಲವೋ ನಾಲ್ಕನೇ ಸಲವೋ ನೋಡುತ್ತಿದ್ದವರು, ಮಾತು ಬರುವ ಮೊದಲೇ ತಾವೇ ಹೇಳಿ ನಗುತ್ತಿದ್ದರು. ನನ್ನ ಅಂಗಾಲು ಬಂದಾಗ ತಲೆ ತಗ್ಗಿಸಿದೆ.

ಹೆಣದ ಕೋಣೆ ಬಂತು. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಬಾಣಲೆ ಹಿಡಿದು ಹಿಡಿದು ಅವಳ ಕೈ ಇಕ್ಕಳವಾಗಿದೆ ಲಿನ್.

‘ಕಣ್ಣು ಮುಚ್ಚಬೇಡ’ ಅಂದಳು.

ಮುಚ್ಚಲಿಲ್ಲ. ಅಪ್ಪ ಅಲ್ಲಿದ್ದ, ಮಸುಕಾಗಿ, ಕಿವಿ ಸ್ವಲ್ಪ ಎದ್ದಿರುವ ಹಾಗೆ. ಬಾತು ಬಡಿಯಿತು. ಟಾಕೀಸು ನಕ್ಕಿತು.

‘ನಗು’ ಅಂದಳು.

ನಾನು ಅವಳ ಮುಖ ನೋಡಿದೆ. ಅವಳು ತೆರೆಯನ್ನೇ ನೋಡುತ್ತಿದ್ದಳು.

‘ಅಲ್ಲಿ ನಾನು ನಕ್ಕಿದ್ದೀನಿ ಕಣೋ. ಅಪ್ಪನ ಮುಖದ ಮೇಲೆ ಕೊಬ್ಬು ಇಳೀತಾ ಇತ್ತು, ನಾನು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೀನಿ. ನಾನೊಬ್ಬಳೇ ಇದನ್ನ ಹೊತ್ಕೊಂಡು ಸಾಯೋಕಾಗಲ್ಲ. ನಗು.’

ಯೂನ್ ಒರೆಸಿದ. ಅಪ್ಪನ ಮುಖ ತೆರೆ ತುಂಬ ಬಂತು. ಮೋಕ್ ಎತ್ತಿದ, ಬಡಿದ. ನಾನು ಬಾಯಿ ತೆಗೆದೆ. ಬಂದದ್ದು ನಗು ಅಂತ ಯಾರೂ ಹೇಳುವುದಿಲ್ಲ. ಗಂಟಲಲ್ಲಿ ಮುಳ್ಳು ಸಿಕ್ಕ ನಾಯಿಯ ಶಬ್ದ. ಅದು ನಿಲ್ಲಲಿಲ್ಲ, ಹೆಣದ ಕೋಣೆ ಮುಗಿದು ಬೇರೆ ಸೀನು ಬಂದರೂ ನಿಲ್ಲಲಿಲ್ಲ. ಮುಂದಿನ ಸಾಲಿನ ಮುದುಕ ತಿರುಗಿ, ಏನಯ್ಯ, ಈಗ ಯಾತಕ್ಕೆ ನಗ್ತಿದೀಯ, ಇದು ನಗೋ ಸೀನಲ್ಲ ಅಂದ. ಅಕ್ಕ ಅವನಿಗೆ, ನೀನು ಮುಂದೆ ನೋಡು ಅಂತ ಗದರಿದಳು.

ಆಮೇಲೆ ನನ್ನ ಮಣಿಕಟ್ಟು ಬಿಡದೆ ಎಬ್ಬಿಸಿಕೊಂಡು ಹೊರಗೆ ಬಂದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಕೋಳಿ ಮಾರುವವರ ಗದ್ದಲ. ಅಲ್ಲಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನನ್ನ ಮೂಗು ಸೋರುತ್ತಿತ್ತು, ತನ್ನ ಕೋಟಿನ ತೋಳಿನಿಂದಲೇ ಒರೆಸಿದಳು. ಒರೆಸಿ ಮುಖ ಕಿವುಚಿಕೊಂಡಳು.

‘ಥೂ, ನಿನ್ನ ಜನ್ಮಕ್ಕಿಷ್ಟು’ ಅಂದಳು. ‘ಊಟ ಆಯ್ತಾ?’

ಮಾವ